ತಂಬೂರಿಯ ಕೆಳಗಿನ ಗುಂಯ್

ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಇದು ಅದರ ಮರುವರ್ಷದ ಬೇಸಿಗೆಯ ಮಾತು. ನಮ್ಮ ಮನೆಯ ಸ್ಪೀಕರುಗಳಲ್ಲಿ ಗುಂಯ್ ಅನ್ನುವ ಸದ್ದು ಸೇರಿಕೊಂಡಿತ್ತು. ಹಗಲಲ್ಲಿ ಪಿ.ಬಿ. ರಸ್ತೆಯ ಲಾರಿಗಳ ಗಲಾಟೆಯಲ್ಲಿ ಅದು ಕೇಳಿಸುತ್ತಿರಲಿಲ್ಲ. ರಾತ್ರಿ ಅಮ್ಮ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದರೆ ತಂಬೂರಿಯ ಕೆಳಗೇ ಬಂದು ಕೂರುತ್ತಿತ್ತು. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಗುಂಯ್‌ನ ಶ್ರುತಿಯೂ ಅದೇ. ಹಾಡುವವರ ಷಡ್ಜ ಎಲ್ಲಿದ್ದರೂ ಅದು ಮಾತ್ರ ಕದಲುವುದಿಲ್ಲ. ಕಿವಿ ಸೂಕ್ಷ್ಮವಿದ್ದವರಿಗೆ ಅದು ಹಿಂಸೆಯೇ.

ರಿಪೇರಿಯವರೊಬ್ಬರು ಬಂದು ಆಂಪ್ಲಿಫೈಯರ್ ಬಿಚ್ಚಿ ದೊಡ್ಡ ಕೆಪಾಸಿಟರ್‌ಗಳನ್ನು ಬದಲಾಯಿಸಿದರು. ಸದ್ದು ಹೋಗಲಿಲ್ಲ. ಕೊನೆಗೆ ಪ್ಲಗ್ಗಿನ ಅರ್ಥ್ ವೈರನ್ನೇ ಕತ್ತರಿಸಿ, "ಈಗ ನೋಡ್ರಿ" ಅಂದರು. ಗುಂಯ್ ಮಾಯ! ಅಪ್ಪನಿಗೆ ಸಂತೋಷವೋ ಸಂತೋಷ.

ಆ ಭಾನುವಾರ ಹರಿಹರದಿಂದ ಮಾವ ಬಂದ, ಅಮ್ಮನ ತಮ್ಮ. ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತುಗಳ ವೈರಿಂಗ್ ನೋಡಿಕೊಳ್ಳುತ್ತಿದ್ದವನು. ಕತ್ತರಿಸಿದ ವೈರ್ ಕಂಡದ್ದೇ ಅವನ ಮುಖ ಬಿಗಿಯಿತು. "ಭಾವಾ, ಇದು ಕಬ್ಬಿಣದ ಡಬ್ಬಿ. ಒಳಗೆ ಫೇಸ್ ವೈರ್ ಬಿಚ್ಚಿಕೊಂಡು ತಗುಲಿದ್ರೆ ಅರ್ಥ್ ಇದ್ದಾಗ ಫ್ಯೂಸ್ ಹೋಗ್ತೈತೆ. ಇಲ್ದಿದ್ರೆ ಮುಟ್ಟಿದವರು ಹೋಗ್ತಾರೆ," ಅಂದ. ಮಂಡಕ್ಕಿ ತಟ್ಟೆ ಪಕ್ಕಕ್ಕಿಟ್ಟು, ಮೊದಲು ಆ ವೈರನ್ನು ಮತ್ತೆ ಕೂಡಿಸಿದ. ಗುಂಯ್ ಮರಳಿ ಬಂತು. ಅಪ್ಪ ಅಸಮಾಧಾನದಿಂದ ನಿಟ್ಟುಸಿರು ಬಿಟ್ಟರು.

ಮಾವ ಹುಡುಕಿದ ರೀತಿ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಸ್ಪೀಕರಿಗೆ ಕಿವಿಯಿಟ್ಟು ವಾಲ್ಯೂಮ್ ಏರಿಸಿದ, ಇಳಿಸಿದ. ವಾಲ್ಯೂಮಿನ ಜೊತೆ ಗುಂಯ್ ಕೂಡ ಏರುತ್ತಿತ್ತು. "ಪವರ್ ಸಪ್ಲೈ ಕೆಟ್ಟಿದ್ರೆ ವಾಲ್ಯೂಮ್ ಪೂರ್ತಿ ಇಳಿಸಿದ್ರೂ ಗುಂಯ್ ಅಷ್ಟೇ ಇರ್ತಿತ್ತು. ಅದೂ 50ರದ್ದಲ್ಲ, 100ರದ್ದು, ಕಿರಿಕಿರಿ ಜಾಸ್ತಿ. ಇದು ವಾಲ್ಯೂಮಿಗಿಂತ ಮೊದಲೇ ಒಳಗೆ ಬರ್ತಾ ಐತೆ ತಮ್ಮಾ," ಅಂತ ನನಗೆ ಹೇಳಿದ. ಕೆಪಾಸಿಟರ್ ಬದಲಾಯಿಸಿದ ದುಡ್ಡು ದಂಡ ಅನ್ನುವುದು ಅಲ್ಲಿಗೇ ಗೊತ್ತಾಯಿತು.

ಆಮೇಲೆ ಹಿಂದಿನ ವೈರುಗಳನ್ನೆಲ್ಲ ಕಿತ್ತ. ನಿಶ್ಶಬ್ದ. ಒಂದೊಂದೇ ಸಿಕ್ಕಿಸುತ್ತ ಬಂದ. ರೆಕಾರ್ಡ್ ಪ್ಲೇಯರ್, ಏನೂ ಇಲ್ಲ. ಟೇಪ್ ಡೆಕ್, ಏನೂ ಇಲ್ಲ. ಟಿ.ವಿ.ಯಿಂದ ಬರುವ ವೈರ್ ಸಿಕ್ಕಿಸಿದ ಕೂಡಲೇ, ಗುಂಯ್.

"ಅಕ್ಕಾ, ಟಿ.ವಿ. ಬಂದ್ ಐತಲ್ಲ?"

"ಬೆಳಿಗ್ಗೆಯಿಂದ ಹಚ್ಚೇ ಇಲ್ಲಪ್ಪ."

ಬಂದ್ ಇರುವ ಟಿ.ವಿ. ಹೇಗೆ ಸದ್ದು ಮಾಡುತ್ತದೆ? ಮಾವ ಅದರ ಹಿಂದಿನಿಂದ ಕೇಬಲ್‌ನವರ ದಪ್ಪ ವೈರನ್ನು ತಿರುಗಿಸಿ ತೆಗೆದ. ಗುಂಯ್ ನಿಂತಿತು. ತಾಗಿಸಿದ, ಬಂತು. ತೆಗೆದ, ನಿಂತಿತು. ಆಟವಾಡುವ ಮಗುವಿನ ಹಾಗೆ ನನ್ನ ಕೈಗೂ ಕೊಟ್ಟು ಮಾಡಿಸಿದ.

ಆಗಿದ್ದು ಇಷ್ಟು. ನಮ್ಮ ಆಂಪ್ಲಿಫೈಯರಿನ ಅರ್ಥ್ ಹಿತ್ತಲಿನ ಗುಂಡಿಗೆ ಹೋಗುತ್ತದೆ. ಕೇಬಲ್ ವೈರಿನ ಹೊರಗಿನ ಜಾಲರಿ ಬೀದಿಯ ಕೊನೆಯಲ್ಲೆಲ್ಲೋ ಅವರದೇ ಅರ್ಥ್‌ಗೆ ಸೇರಿದೆ. ಎರಡೂ ನೆಲವೇ ಆದರೂ ನಡುವೆ ಒಂದಿಷ್ಟು ವೋಲ್ಟೇಜಿನ ವ್ಯತ್ಯಾಸ ಇದ್ದೇ ಇರುತ್ತದೆ. ಟಿ.ವಿ. ಮೂಲಕ ಎರಡನ್ನೂ ಜೋಡಿಸಿದ್ದು ನಾವೇ. ಆ ವ್ಯತ್ಯಾಸದ ಕರೆಂಟು ನಮ್ಮ ಆಡಿಯೋ ವೈರಿನ ಜಾಲರಿಯಲ್ಲಿ ಹರಿದು ಸಂಗೀತದ ಜೊತೆ ಒಳಗೆ ಬರುತ್ತಿತ್ತು. ಟಿ.ವಿ. ಹಚ್ಚಿದ್ದರೂ ಒಂದೇ, ಬಂದ್ ಇದ್ದರೂ ಒಂದೇ. ಅರ್ಥ್ ಕತ್ತರಿಸಿದಾಗ ಈ ಸುತ್ತು ತುಂಡಾಗಿ ಸದ್ದು ನಿಂತಿತ್ತು, ನಿಜ. ಆದರೆ ತುಂಡು ಮಾಡಬೇಕಾದದ್ದು ಆ ಜಾಗದಲ್ಲಲ್ಲ. ಈಗಲೂ ಎಷ್ಟೋ ಮನೆಗಳಲ್ಲಿ ಇದೇ ಉಪಾಯ ನಡೆಯುತ್ತಿರುವುದನ್ನು ಕಂಡಾಗ ನನಗೆ ಎದೆ ಝಲ್ಲೆನ್ನುತ್ತದೆ.

ಪರಿಹಾರ ಅಟ್ಟದ ಮೇಲಿತ್ತು. ದೂರದರ್ಶನದ ಆಂಟೆನಾ ಕಾಲದಲ್ಲಿ ಚಪ್ಪಟೆ ವೈರನ್ನು ಟಿ.ವಿ.ಗೆ ಹೊಂದಿಸಲು ಬಾಲನ್ ಅನ್ನುವ ಹೆಬ್ಬೆರಳಿನಷ್ಟು ದೊಡ್ಡ ವಸ್ತು ಬಳಸುತ್ತಿದ್ದರು. ಒಳಗೆ ಪುಟ್ಟ ಟ್ರಾನ್ಸ್‌ಫಾರ್ಮರ್. ಮಾವ ಅಂಥವೆರಡನ್ನು ಬೆನ್ನಿಗೆ ಬೆನ್ನು ಕೂಡಿಸಿ ಕೇಬಲ್ ದಾರಿಯಲ್ಲಿ ಸೇರಿಸಿದ. ಮೊದಲು ಮೀಟರ್ ಹಿಡಿದು ಈ ಕಡೆಯ ಜಾಲರಿಗೂ ಆ ಕಡೆಯದಕ್ಕೂ ಸಂಪರ್ಕವಿಲ್ಲವೆಂದು ಖಾತ್ರಿ ಮಾಡಿಕೊಂಡ. ಕೆಲವು ಬಾಲನ್‌ಗಳಲ್ಲಿ ಒಳಗೇ ಸಂಪರ್ಕವಿರುತ್ತದಂತೆ, ಅವು ಉಪಯೋಗಕ್ಕಿಲ್ಲ. ಚಿತ್ರ ಬಂತು, ಗುಂಯ್ ಬರಲಿಲ್ಲ. ಅರ್ಥ್ ಇದ್ದಲ್ಲೇ ಇತ್ತು.

ಅಮ್ಮ ಎಲ್‌ಪಿಯನ್ನು ಮೊದಲಿನಿಂದ ಹಾಕಿದಳು. ಮಾವ ಕೇಳುತ್ತ ಕೂರಲಿಲ್ಲ. ಹಿತ್ತಲಿಗೆ ಹೋಗಿ, ಬಿಸಿಲಿಗೆ ಒಣಗಿದ್ದ ಅರ್ಥ್ ಗುಂಡಿಗೆ ಎರಡು ಕೊಡ ನೀರು ಸುರಿದ. ಇದ್ದಿಲು, ಉಪ್ಪು ಹಾಕಿದ ಗುಂಡಿಯೂ ತೇವ ಇದ್ದರಷ್ಟೇ ಕೆಲಸ ಮಾಡುವುದು. ಬಳಿಕ ಹೋಲ್ಡರಿಗೆ ಬಲ್ಬ್ ಹಾಕಿ, ಫೇಸ್‌ಗೂ ಅರ್ಥ್‌ಗೂ ನಡುವೆ ಹಿಡಿದು ಮನೆಯ ಪ್ರತಿ ಸಾಕೆಟ್ಟನ್ನೂ ಪರೀಕ್ಷಿಸಿದ. ಹಾಲಿನಲ್ಲಿ ಬಲ್ಬ್ ಚೆನ್ನಾಗಿ ಉರಿಯಿತು. ಅಡುಗೆಮನೆಯ ಮಿಕ್ಸಿ ಸಾಕೆಟ್ಟಿನಲ್ಲಿ ಉರಿಯಲೇ ಇಲ್ಲ. ಬಿಚ್ಚಿ ನೋಡಿದರೆ ಮೂರನೇ ತೂತಿಗೆ ವೈರನ್ನೇ ಎಳೆದಿರಲಿಲ್ಲ; ಮನೆ ಕಟ್ಟಿದಾಗಿನಿಂದಲೂ ಹಾಗೇ ಇತ್ತು. ಹರಿಹರಕ್ಕೆ ಹೊರಡುವ ಹೊತ್ತು ಮೀರಿತ್ತು. ಮಾವ ಅಂಗಿ ಕಳಚಿ ಮೊಳೆಗೆ ಹಾಕಿ, "ಹಸಿರು ವೈರ್ ತಗೊಂಡು ಬಾ ತಮ್ಮಾ, ಬೆಳಿಗ್ಗೆ ಬಸ್ಸಿಗೆ ಹೋಗ್ತೀನಿ," ಅಂದ.