ಒಡೆದ ಕನ್ನಡಕ

1959ನೆಯ ಇಸವಿ ನವೆಂಬರ್ 20ರಂದು ಅಮೆರಿಕದ ಸಿ.ಬಿ.ಎಸ್. ದೂರದರ್ಶನವು ‘ದಿ ಟ್ವೈಲೈಟ್ ಝೋನ್’ ಮಾಲೆಯಲ್ಲಿ ತೋರಿಸಿದ ‘ಟೈಮ್ ಎನಫ್ ಅಟ್ ಲಾಸ್ಟ್’ ಎಂಬ ಕಥೆಯನ್ನು ಕುರಿತು ಎರಡು ಮಾತು ಬರೆಯಲಪೇಕ್ಷಿಸುತ್ತೇವೆ. ಲಿನ್ ವೆನಬಲ್ ಎಂಬ ಲೇಖಕಿಯ ಸಣ್ಣಕಥೆಯನ್ನು ರಾಡ್ ಸರ್ಲಿಂಗರು ನಾಟಕಕ್ಕೆ ಅಳವಡಿಸಿದರು.

ಬ್ಯಾಂಕಿನ ಗುಮಾಸ್ತ ಹೆನ್ರಿ ಬೆಮಿಸನಿಗೆ ಓದೇ ಪ್ರಾಣ. ಮೇಲಧಿಕಾರಿಯೂ ಹೆಂಡತಿಯೂ ಅದಕ್ಕೆ ಅಡ್ಡಿ. ಅವನು ಬ್ಯಾಂಕಿನ ಭದ್ರಕೋಣೆಯಲ್ಲಿ ಓದುತ್ತಿರಲಾಗಿ ಹೈಡ್ರೋಜನ್ ಬಾಂಬಿನಿಂದ ಲೋಕವೇ ಹಾಳಾಗುತ್ತದೆ. ಒಬ್ಬನೇ ಉಳಿದವನಿಗೆ ಪುಸ್ತಕರಾಶಿಯೂ ಬೇಕಾದಷ್ಟು ಕಾಲವೂ ದೊರೆತ ಗಳಿಗೆಯಲ್ಲಿಯೇ ಕನ್ನಡಕ ಒಡೆದುಹೋಗುತ್ತದೆ.

ಬರ್ಜೆಸ್ ಮೆರೆಡಿತರ ಅಭಿನಯವೂ, ಅರ್ಧ ಗಂಟೆಯೊಳಗೆ ಮುಗಿಯುವ ಕಥೆಯ ಬಿಗಿಯೂ ಮೆಚ್ಚತಕ್ಕವು. ಆದರೆ ಬಾಂಬಿನ ವಿಷಕಿರಣಗಳು ಅವನನ್ನು ಮುಟ್ಟುವುದೇ ಇಲ್ಲ. ಹೆಂಡತಿಯ ಕಾಠಿಣ್ಯಕ್ಕೆ ಕಾರಣವೂ ತಿಳಿಯದು. ನಿರಪರಾಧಿಗೆ ಇಂಥ ಶಿಕ್ಷೆಯೇಕೆಂಬ ಪ್ರಶ್ನೆಯೂ ಉಳಿಯುತ್ತದೆ. ಯಾಕೆಂದರೆ ಅವನು ಓದಿನ ಸುಖವನ್ನು ತನಗಾಗಿಯೇ ಬಚ್ಚಿಟ್ಟುಕೊಂಡವನಲ್ಲ. ಕವಿತೆ ಓದಿ ಹೇಳೆಂದು ಹೆಂಡತಿ ಕೇಳಿದಾಗ ಹಿಗ್ಗಿ ಪುಸ್ತಕ ತೆರೆಯುತ್ತಾನೆ. ಪುಟಗಳನ್ನೆಲ್ಲ ಆಕೆ ಮೊದಲೇ ಗೀಚಿ ಕೆಡಿಸಿರುತ್ತಾಳೆ. ನಮ್ಮೆಣಿಕೆಯಲ್ಲಿ ಕಥೆಯ ಹೃದಯವು ಈ ನೋಟವೇ.

ಕಣ್ಣು ಮಬ್ಬಾದ ನಮ್ಮಲ್ಲನೇಕರಿಗೆ ಇಂದು ಮೊಮ್ಮಕ್ಕಳು ಓದಿ ಹೇಳುತ್ತಾರೆ. ಬೆಮಿಸನಿಗೆ ಹಾಗೆ ಓದಿ ಹೇಳುವ ದನಿಯೊಂದೂ ಲೋಕದಲ್ಲಿ ಉಳಿದಿರಲಿಲ್ಲ.