ಉಳವಿಯ ನೀರು, ಕಡಲ ಮೀನು

ಉಳವಿ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಜೋಯಿಡಾ ಕಾಡಿನೊಳಗಿನ ಚನ್ನಬಸವಣ್ಣನ ಉಳವಿ. ಇದು ಅದಲ್ಲ. ಇದು ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಉಳವಿ. ಅಡಿಕೆ, ಭತ್ತ, ಕೆರೆ ಇವುಗಳ ನಡುವೆ ತನ್ನ ಪಾಡಿಗೆ ತಾನಿರುವ ಊರು. ಭೂಪಟದಲ್ಲಿ ಪಶ್ಚಿಮಕ್ಕೆ ಗೆರೆ ಎಳೆದರೆ ಅರಬ್ಬೀ ಸಮುದ್ರ ನೂರು ಕಿಲೋಮೀಟರಿಗೂ ಕಡಿಮೆ. ಆದರೆ ನಡುವೆ ಘಟ್ಟವಿದೆ. ಆ ಸಮುದ್ರದ ಮೇಲಿಂದ ಎದ್ದ ಮೋಡ ಘಟ್ಟ ಹತ್ತಿ ಇಲ್ಲಿ ಸುರಿಯುತ್ತದೆ. ಸುರಿದ ನೀರು ಹುಟ್ಟಿದ ಕಡಲಿಗೆ ಮರಳುವುದಿಲ್ಲ. ವರದೆಯ ಜೊತೆ ಪೂರ್ವಕ್ಕೆ ಹೊರಟು, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಇಂಥ ಊರಿನ ಒಂದು ಜಗಲಿಯ ಮೇಲೆ ನೂರು ಲೀಟರಿನ ಗಾಜಿನ ತೊಟ್ಟಿ ಇಟ್ಟು, ಅದರಲ್ಲಿ ಕಡಲ ಮೀನು ಸಾಕಬೇಕೆಂದು ಯಾರಾದರೂ ಹೊರಟರೆ? ಹುಚ್ಚು ಹವ್ಯಾಸ ಎನ್ನಬಹುದು. ಆದರೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತೊಟ್ಟಿಯಲ್ಲೇ ಮರಿ ಮಾಡಿಸಿ ತೋರಿಸಿದ್ದಾರೆ. ಹವಳವನ್ನು ಕಿತ್ತು ತರುವಂತಿಲ್ಲ, 2001ರಿಂದ ಅದಕ್ಕೂ ಕಡಲ್ಗುದುರೆಗೂ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ತೊಟ್ಟಿಯಲ್ಲಿ ಹುಟ್ಟಿದ ಮೀನಿಗೆ ಆ ಅಡ್ಡಿಯಿಲ್ಲ. ಮೀನು ಸಿಗುತ್ತದೆ, ಗಾಜು ಸಿಗುತ್ತದೆ. ಪ್ರಶ್ನೆ ಇರುವುದು ನೀರಿನದು.

ಎಲ್ಲರೂ ಮೊದಲು ಕೇಳುವುದು ಉಪ್ಪಿನ ಬಗ್ಗೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅಂದರೆ ನೂರು ಲೀಟರಿಗೆ ಮೂರೂವರೆ ಕಿಲೋ. ಗೋಕರ್ಣದ ಬಳಿ ಸಾಣಿಕಟ್ಟೆಯ ಉಪ್ಪು ಘಟ್ಟ ಹತ್ತಿ ಈ ಕಡೆ ಬರುವಂಥದ್ದೇ, ಅದನ್ನೇ ಸುರಿದರಾಗದೆ ಎಂದು ತೋರುವುದು ಸಹಜ. ಆಗುವುದಿಲ್ಲ. ಆಗರದಲ್ಲಿ ಅಡುಗೆ ಉಪ್ಪು ಹರಳುಗಟ್ಟುವಾಗ ಮೆಗ್ನೀಸಿಯಂ ಮುಂತಾದವು ಕೆಳಗಿನ ಕಹಿ ನೀರಿನಲ್ಲೇ ಉಳಿದುಬಿಡುತ್ತವೆ. ಸಾಣಿಕಟ್ಟೆಯ ಉಪ್ಪು ಸಮುದ್ರದ್ದು ನಿಜ, ಆದರೆ ಅದು ಇಡೀ ಸಮುದ್ರವಲ್ಲ. ಆದ್ದರಿಂದ ಎಲ್ಲ ಲವಣಗಳನ್ನೂ ಲೆಕ್ಕದಂತೆ ಬೆರೆಸಿದ ಅಕ್ವೇರಿಯಂ ಉಪ್ಪನ್ನು ಪೇಟೆಯಿಂದಲೇ ತರಬೇಕು. ಅದು ದುಬಾರಿ. ಅಷ್ಟು ದುಡ್ಡು ಕೊಟ್ಟು ತಂದ ಉಪ್ಪನ್ನು ಯಾವ ನೀರಿಗೆ ಹಾಕುವುದು ಎಂಬುದನ್ನು ಮಾತ್ರ ಹೆಚ್ಚಿನವರು ಯೋಚಿಸುವುದೇ ಇಲ್ಲ.

ಯೋಚಿಸಬೇಕಾದ ಕಾರಣ ಕೆರೆ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಈ ಸೀಮೆಯವರು ಕೆರೆಯ ಲೆಕ್ಕಾಚಾರದಲ್ಲಿ ಹಳಬರು. ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭ ಶಾಸನ ಕದಂಬರ ಕಾಕುತ್ಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ, ಅದು ಐದನೇ ಶತಮಾನದ ಮಾತು. ಕೆರೆಗೆ ತೂಬು ಇರುತ್ತದೆ, ಕೋಡಿ ಇರುತ್ತದೆ. ಮಳೆಗಾಲದಲ್ಲಿ ಕೋಡಿ ಬಿದ್ದರೆ ಹಳೆಯ ಕೊಳೆಯೂ ತೊಳೆದು ಹೋಗುತ್ತದೆ. ಗಾಜಿನ ತೊಟ್ಟಿ ತೂಬೂ ಕೋಡಿಯೂ ಇಲ್ಲದ ಕೆರೆ. ದಿನಕ್ಕೆ ಸುಮಾರು ಒಂದು ಲೀಟರ್ ನೀರು ಆವಿಯಾದರೆ, ಹೋಗುವುದು ಬರೀ ನೀರು. ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಪ್ರತಿದಿನ ಸೇರಿಸುವುದು ಸಿಹಿನೀರನ್ನು. ಆ ಸಿಹಿನೀರಿನ ಪ್ರತಿ ಲೀಟರಿನಲ್ಲೂ 300 ಮಿಲಿಗ್ರಾಂ ಕರಗಿದ ವಸ್ತುವಿದ್ದರೆ, ವರ್ಷಕ್ಕೆ ನೂರು ಗ್ರಾಂ ಮೀರಿ ಬೇಡದ ಸರಕು ತೊಟ್ಟಿಯೊಳಗೆ ಜಮೆಯಾಗುತ್ತದೆ. ವಾರಕ್ಕೊಮ್ಮೆ ಹತ್ತು ಲೀಟರ್ ತೆಗೆದು ಹೊಸದು ಹಾಕುವುದುಂಟು. ಆ ಹೊಸ ನೀರೂ ಅದೇ ಬಾವಿಯದಾದರೆ ಕೊಳೆ ಕೊಳೆಯನ್ನು ತೊಳೆದಂತೆ.

ಹಾಗಾದರೆ ಉಳವಿಯ ನೀರುಗಳನ್ನು ಒಂದೊಂದು ಶೀಶೆಯಲ್ಲಿ ಹಿಡಿದು ನೋಡೋಣ.

ಕೆರೆಯ ನೀರು ಹಿಡಿಯುವ ಮೊದಲೇ ಬಿಟ್ಟುಬಿಡಬಹುದು. ಗದ್ದೆಯ ಗೊಬ್ಬರ, ದನದ ಮೈ, ಕೊಳೆತ ಎಲೆ ಎಲ್ಲವೂ ಅದರಲ್ಲಿ. ನೈಟ್ರೇಟು, ಫಾಸ್ಫೇಟು ಕಂಡರೆ ಪಾಚಿಗೆ ಹಬ್ಬ. ಕೊಳವೆ ಬಾವಿಯ ನೀರು ಕಣ್ಣಿಗೆ ಚೊಕ್ಕ, ಆದರೆ ಬಂಡೆಯ ಸಂದಿನಿಂದ ಗಡಸನ್ನು ಹೊತ್ತು ತರುತ್ತದೆ. ಬೇಳೆ ಬೇಯದ ನೀರು, ಸೋಪು ನೊರೆ ಬಾರದ ನೀರು ಎಂದು ಅಡುಗೆಮನೆಯವರು ಮೊದಲೇ ಹೇಳಿರುತ್ತಾರೆ. ತೆರೆದ ಬಾವಿಯದು ಮೃದು. ಆದರೆ ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣದ ಅಂಶ ಸಾಮಾನ್ಯ. ಕೊಡದಲ್ಲಿ ರಾತ್ರಿ ಇಟ್ಟ ನೀರಿಗೆ ಬೆಳಿಗ್ಗೆ ಕೆಂಪು ಕೆನೆ ಕಟ್ಟಿದರೆ, ಚಹಾ ಮಾಡಿದಾಗ ಬಣ್ಣ ಕಪ್ಪಿಗೆ ತಿರುಗಿದರೆ ಅದೇ ಸುಳಿವು. ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಾಗುವುದೂ ಇದೇ ರಸಾಯನದಿಂದ. ನಲ್ಲಿಯ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ಕ್ಲೋರಿನ್ ಇರಬಹುದು. ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ಗಾಳಿಯಾಡಿಸಿದರೆ ಅದು ಹೋಗುತ್ತದೆ, ಉಳಿದದ್ದು ಹೋಗುವುದಿಲ್ಲ.

ಇನ್ನು ಮಳೆ. ಗುಣದಲ್ಲಿ ಮಳೆನೀರು ಭಟ್ಟಿ ಇಳಿಸಿದ ನೀರಿಗೆ ಹತ್ತಿರ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಾಲ್ಕು ಚದರ ಮೀಟರ್ ಬಿಳಿ ಬಟ್ಟೆಯನ್ನು ಗೂಟಗಳಿಗೆ ಕಟ್ಟಿ, ನಡುವೆ ತೊಳೆದ ಕಲ್ಲಿಟ್ಟು, ಕೆಳಗೆ ಪ್ಲಾಸ್ಟಿಕ್ ಡ್ರಮ್ಮು ಇಟ್ಟರೆ 50 ಮಿಲಿಮೀಟರ್ ಸುರಿದ ದಿನ 200 ಲೀಟರ್ ಕೈಗೆ ಬಂತು. ವರ್ಷಕ್ಕೆ ಈ ತೊಟ್ಟಿಗೆ ಬೇಕಾದದ್ದು ಸಾವಿರ ಲೀಟರಿಗೂ ಕಮ್ಮಿ. ಬೆಂಗಳೂರಿನ ಹವ್ಯಾಸಿ ಕೊಳವೆ ಬಾವಿಯ ನೀರನ್ನು ಆರ್.ಓ. ಯಂತ್ರಕ್ಕೆ ಹಾಕಿ, ಒಂದು ಪಾಲು ಶುದ್ಧ ನೀರಿಗಾಗಿ ಅದಕ್ಕಿಂತ ಹೆಚ್ಚು ನೀರನ್ನು ಮೋರಿಗೆ ಬಿಡುತ್ತಾನೆ. ಆಷಾಢದ ಉಳವಿಯಲ್ಲಿ ಹಾಗೆ ಮಾಡಿದರೆ ನಗೆಪಾಟಲು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅಡಿಕೆ ಸೀಮೆಯ ಮಳೆಗೆ ಒಂದು ತೊಡಕಿದೆ, ಅದರ ಹೆಸರು ಮೈಲುತುತ್ತ.

ಕೊಳೆರೋಗದ ಕಾರಣವನ್ನು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಬಿಡಿಸಿ ತೋರಿಸಿದರು. ಕೊನೆಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದ ಮಲೆನಾಡಿಗರು ಕ್ರಮೇಣ ಬೋರ್ಡೋ ದ್ರಾವಣಕ್ಕೆ ಒಗ್ಗಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ, ಹೊಳವು ನೋಡಿ ಹೊಡೆಯುತ್ತಾರೆ. ಸುಣ್ಣ ಸಾಕೇ ಎಂದು ನೋಡಲು ಹೊಳಪಿನ ಕತ್ತಿಯನ್ನು ದ್ರಾವಣದಲ್ಲಿ ಅದ್ದುತ್ತಾರೆ. ಕತ್ತಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಇನ್ನಷ್ಟು ಬೇಕು. ಪ್ರಯೋಗಾಲಯ ಬೇಡದ ಈ ಪರೀಕ್ಷೆ ಎಷ್ಟೋ ತೋಟಗಳಲ್ಲಿ ನಡೆಯುತ್ತದೆ.

ಕೊಳೆರೋಗದ ಶಿಲೀಂಧ್ರವನ್ನು ತಡೆಯುವ ತಾಮ್ರವೇ ಕಡಲ ಸಿಗಡಿ, ಶಂಖದ ಹುಳು, ಸಮುದ್ರ ಹೂವುಗಳಿಗೆ ಯಮ. ಮೀನಿನ ಪರೋಪಜೀವಿ ಕೊಲ್ಲಲು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ಹಾಕುವ ಚಿಕಿತ್ಸೆಯುಂಟು. ಆ ಮಟ್ಟದಲ್ಲಿ ಮೀನು ಉಳಿದೀತು, ಸಿಗಡಿ ಉಳಿಯದು. ಕುಡಿಯುವ ನೀರಿಗೆ ನಮ್ಮ ಮಾನಕ ಬ್ಯೂರೋ ಒಪ್ಪುವ ಮಿತಿ 0.05, ಬೇರೆ ಮೂಲವಿಲ್ಲದಿದ್ದರೆ 1.5ರ ತನಕ ಸಹಿಸಬಹುದು ಎನ್ನುತ್ತದೆ. ಮನುಷ್ಯನಿಗೆ ನಡೆಯುವ ನೀರು ಸಿಗಡಿಗೆ ನಡೆಯದು ಎಂದಾಯಿತು. ಬಚ್ಚಲ ತಾಮ್ರದ ಹಂಡೆಯಲ್ಲಿ ತುಂಬಿಟ್ಟ ನೀರೂ ಬೇಡ. ಸತು ಬಳಿದ ತಗಡಿನ ಮಾಡಿನಿಂದ ಇಳಿದದ್ದೂ ಬೇಡ, ಸತುವೂ ಇದೇ ಜಾತಿಯ ವಿಷ.

ಇಲ್ಲಿ ಜನ ಮೋಸಹೋಗುವ ಜಾಗವೊಂದಿದೆ. ಕೆಲವೇ ನೂರು ರೂಪಾಯಿಗೆ ಸಿಗುವ ಟಿ.ಡಿ.ಎಸ್. ಮೀಟರು ಅದ್ದಿ, ಐದೋ ಹತ್ತೋ ತೋರಿಸಿದರೆ ನೀರು ಚೊಕ್ಕ ಎಂದು ನೆಮ್ಮದಿಪಡುತ್ತಾರೆ. ಆ ಮೀಟರು ಎಷ್ಟು ಕರಗಿದೆ ಎಂದು ಅಂದಾಜು ಹೇಳೀತು, ಏನು ಕರಗಿದೆ ಎಂದು ಹೇಳದು. ಲೀಟರಿಗೆ 0.2 ಮಿಲಿಗ್ರಾಂ ತಾಮ್ರ ಅದರ ಕಣ್ಣಿಗೆ ಬೀಳುವುದೇ ಇಲ್ಲ. ತೋಟದ ಕತ್ತಿಗೂ ಅಷ್ಟು ಸೂಕ್ಷ್ಮ ಸಿಗದು. ಅದಕ್ಕೆ ಬಣ್ಣ ತಿರುಗಿಸಿ ತೋರಿಸುವ ತಾಮ್ರದ ಕಿಟ್ಟೇ ಬೇಕು. ಫಾಸ್ಫೇಟಿಗೂ ನೈಟ್ರೇಟಿಗೂ ಬೇರೆ ಬೇರೆ. ನೀರಿಗೆ ಉಪ್ಪು ಹಾಕುವ ಮೊದಲೇ ಇವನ್ನೆಲ್ಲ ನೋಡಿಬಿಡಬೇಕು. ತೊಟ್ಟಿಗೆ ಸೇರಿದ ತಾಮ್ರ ಕಲ್ಲಿಗೂ ಮರಳಿಗೂ ಅಂಟಿ ಕೂತರೆ ಏಳಿಸುವುದು ಕಷ್ಟ.

ಆದ್ದರಿಂದ ಉಳವಿಯಂಥ ಊರಲ್ಲಿ ಮಳೆ ಹಿಡಿಯುವವನು ಪಂಚಾಂಗದ ಜೊತೆಗೆ ನೆರೆಯ ತೋಟವನ್ನೂ ನೋಡಬೇಕು. ಮೃಗಶಿರೆಯ ಧೂಳು ತೊಳೆದು ಹೋಗಲಿ. ಮದ್ದು ಹೊಡೆದ ಹೊಳವಿನ ನಂತರದ ಮೊದಲ ಮಳೆಯನ್ನು ಬಿಟ್ಟುಬಿಡಲಿ. ಪುನರ್ವಸು, ಪುಷ್ಯದಲ್ಲಿ ಎರಡು ಮೂರು ದಿನ ಬಿಡದೆ ಹೊಯ್ದ ಮೇಲೆ, ಮರದ ಹನಿ ತಾಗದ ಬಯಲಲ್ಲಿ ಬಟ್ಟೆ ಕಟ್ಟಲಿ. ಹಿಡಿದದ್ದನ್ನು ಬೆಳಕು ಬೀಳದ, ಮುಚ್ಚಳವಿರುವ ಡ್ರಮ್ಮಿನಲ್ಲಿಟ್ಟರೆ ಬಾವಿಗಳ ನೀರು ತಳ ಕಾಣುವ ಏಪ್ರಿಲಿಗೂ ಒದಗೀತು. ಬಳಸುವ ಮುನ್ನ ಮತ್ತೊಮ್ಮೆ ಪರೀಕ್ಷೆ. ಉಪ್ಪು ಬೆರೆಸಿ ಒಂದು ದಿನ ಗಾಳಿಯಾಡಿಸಿ, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿಗೆ ಬಂದಿದೆಯೇ ಎಂದು ನೋಡಿ ಆಮೇಲೆ ತೊಟ್ಟಿಗೆ.

ವಾರವಾರ ತೆಗೆದ ಹತ್ತು ಲೀಟರ್ ಉಪ್ಪುನೀರಿನಲ್ಲಿ 350 ಗ್ರಾಂ ಲವಣವಿರುತ್ತದೆ. ಅದನ್ನು ಕೆರೆಯ ಕಡೆಗೆ ಬಿಡುವಂತಿಲ್ಲ, ಅಡಿಕೆಯ ಬುಡಕ್ಕಂತೂ ಕೂಡದು. ಹಿತ್ತಿಲಲ್ಲಿ ತೆಂಗಿನ ಮರಗಳಿದ್ದರೆ ವಾರಕ್ಕೊಂದರಂತೆ ಸರದಿಯ ಮೇಲೆ ಅವುಗಳ ಬುಡಕ್ಕೆ ಹಾಕಬಹುದು. ತೆಂಗಿಗೆ ಉಪ್ಪು ಹಾಕುವುದು ಇಲ್ಲಿನವರಿಗೆ ಹೊಸತೇನಲ್ಲ.