ಒಂಬತ್ತು ಸೆಕೆಂಡು

ಕಳೆದ ಮಳೆಗಾಲದಲ್ಲಿ ಸಂತೆಗುಳಿಯ ಅಜ್ಜನಮನೆಯ ಜಗಲಿಯಲ್ಲಿ ಕುಳಿತು ವಿಡಿಯೋ ಎಡಿಟಿಂಗ್ ಕಲಿತೆ. ಕಲಿತೆ ಅನ್ನುವುದಕ್ಕಿಂತ ಒಂದಾದ ಮೇಲೊಂದು ತಪ್ಪು ಮಾಡಿದೆ ಅನ್ನುವುದೇ ಸರಿ. ನನ್ನದು ಹಳೆಯ ಲ್ಯಾಪ್‌ಟಾಪು. ಅದರಲ್ಲಿ ದುಡ್ಡು ಕೊಡದೆ ಸಿಗುವ ಡಾವಿಂಚಿ ರಿಸಾಲ್ವ್. ಅದು ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಚಾ ಮುಗಿಯುತ್ತಿತ್ತು. ಬ್ಯಾಟರಿ ಯಾವತ್ತೋ ಸತ್ತಿದ್ದರಿಂದ, ಮಳೆ ಜೋರಾಗಿ ಕರೆಂಟು ಹೋದರೆ ಕೆಲಸವೂ ಹೋಗುತ್ತಿತ್ತು. ಹೀಗಾಗಿ ಎಲ್ಲಕ್ಕಿಂತ ಮೊದಲು ಕೈಗೆ ಹತ್ತಿದ್ದು ಕಂಟ್ರೋಲ್ ಎಸ್.

ಎರಡನೆಯ ಪಾಠ ದುಬಾರಿಯಾಯಿತು. ಅಡಿಕೆ ತೋಟದ ಮಳೆಯನ್ನು ಚಿತ್ರಿಸಿ, ಜೋಡಿಸಿ, ಜಾಗ ಸಾಲದೆಂದು ಮೂಲ ಫೈಲುಗಳನ್ನೆಲ್ಲ ಅಳಿಸಿಬಿಟ್ಟೆ. ಹೇಗಿದ್ದರೂ ಪ್ರಾಜೆಕ್ಟಿನಲ್ಲಿ ಇದೆಯಲ್ಲ! ಮರುದಿನ ತೆರೆದರೆ ಕೆಂಪು ಪರದೆ: ಮೀಡಿಯಾ ಆಫ್‌ಲೈನ್. ಪ್ರಾಜೆಕ್ಟಿನೊಳಗೆ ವಿಡಿಯೋ ಇರುವುದೇ ಇಲ್ಲ; ಯಾವ ಫೈಲನ್ನು ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು ಎಂಬ ಲೆಕ್ಕವಷ್ಟೇ ಇರುತ್ತದೆ. ಆ ಮಳೆ ಮತ್ತೆ ಸಿಗಲಿಲ್ಲ. ಅಂದಿನಿಂದ ಎಲ್ಲವನ್ನೂ ಎರಡು ಕಡೆ ಇಡುತ್ತೇನೆ.

ಮೂರನೆಯದು ಅಮ್ಮಮ್ಮನ ಪತ್ರೊಡೆ. ಮರಕೆಸುವಿನ ಎಲೆಯ ನಾರು ತೆಗೆಯುವುದು, ನೆನೆಸಿದ ಅಕ್ಕಿಯ ಜೊತೆ ಮೆಣಸು, ಕೊತ್ತಂಬರಿ, ಹುಣಸೆಹಣ್ಣು, ಬೆಲ್ಲ ಹಾಕಿ ರುಬ್ಬುವುದು, ಹಿಟ್ಟು ಹಚ್ಚಿ ಎಲೆಯ ಮೇಲೆ ಎಲೆ ಇಟ್ಟು ಸುತ್ತುವುದು, ಹಬೆಯಲ್ಲಿ ಬೇಯಿಸುವುದು. ಎಲ್ಲ ಸೇರಿ ನಲವತ್ತು ನಿಮಿಷ ಚಿತ್ರಿಸಿದ್ದೆ. ಯೂಟ್ಯೂಬಿನ ಗುರುಗಳೆಲ್ಲ ಹೇಳುವುದು ಒಂದೇ: ಸುಮ್ಮನಿರುವ ಜಾಗವನ್ನೆಲ್ಲ ಕತ್ತರಿಸಿ, ಇಲ್ಲದಿದ್ದರೆ ನೋಡುವವರು ಓಡಿಹೋಗುತ್ತಾರೆ. ಧ್ವನಿಯ ಗೆರೆ ಎಲ್ಲೆಲ್ಲಿ ಚಪ್ಪಟೆಯಾಗಿತ್ತೋ ಅಲ್ಲೆಲ್ಲ ಕಂಟ್ರೋಲ್ ಬಿ ಒತ್ತಿ ತುಂಡರಿಸಿ ಎಸೆದೆ. ವಿಡಿಯೋ ಮೂರೇ ನಿಮಿಷಕ್ಕೆ ಇಳಿಯಿತು. ನನಗೆ ಹೆಮ್ಮೆ.

ಅಮ್ಮಮ್ಮ ನೋಡಿದವಳೇ, “ಆನು ಯಾವಾಗ ಇಷ್ಟು ಗಡಿಬಿಡಿಲಿ ಮಾತಾಡಿದ್ದಿ ಕೂಸೆ?” ಅಂದಳು. ನಾನು ನಕ್ಕು ಸುಮ್ಮನಾದೆ.

ವಾರದ ನಂತರ ಬೆಂಗಳೂರಿನಿಂದ ದೊಡ್ಡಮ್ಮನ ಮಗಳು ಫೋನು ಮಾಡಿದಳು. ಮಾರುಕಟ್ಟೆಯಿಂದ ಕೆಸುವಿನ ಎಲೆ ತಂದು, ನನ್ನ ವಿಡಿಯೋ ನೋಡಿಯೇ ಪತ್ರೊಡೆ ಮಾಡಿದ್ದಳು. “ಗಂಟಲೆಲ್ಲ ತುರಿಸ್ತಾ ಇದ್ದು ಮಾರಾಯ್ತಿ!”

ಮೂಲ ಫೈಲು ತೆರೆದು ಮೊದಲಿನಿಂದ ನೋಡಿದೆ. “ನಿಂಬೆಹಣ್ಣಿನಷ್ಟು ಹುಣಸೆಹಣ್ಣು” ಎಂದು ಹೇಳಿದ ಮೇಲೆ ಅಮ್ಮಮ್ಮ ಸುಮ್ಮನಾಗುತ್ತಾಳೆ. ಒಂದು ಎಲೆ ಎತ್ತಿಕೊಂಡು ಅದರ ತೊಟ್ಟನ್ನು ಚಿವುಟುತ್ತಾಳೆ, ಬೆರಳಲ್ಲಿ ಉಜ್ಜಿ ನೋಡುತ್ತಾಳೆ. ಆಮೇಲೆ ಭರಣಿಯ ಕಡೆ ತಿರುಗಿ ಇನ್ನೊಂದು ಚೂರು ಹುಣಸೆಹಣ್ಣು ತೆಗೆದು ರುಬ್ಬುವುದಕ್ಕೆ ಹಾಕುತ್ತಾಳೆ. ಕೆಸುವಿನ ತುರಿಕೆ ಮುರಿಯುವುದು ಹುಳಿ. ಎಷ್ಟು ಹುಳಿ ಎಂಬುದನ್ನು ಎಲೆಯೇ ಹೇಳಬೇಕು. ಅವಳು ಎಲೆಯನ್ನು ಕೇಳುತ್ತಿದ್ದಳು. ಒಂಬತ್ತು ಸೆಕೆಂಡು, ಇನ್ನೂರ ಇಪ್ಪತ್ತೈದು ಫ್ರೇಮು. ಅಷ್ಟನ್ನು ನಾನು ಖಾಲಿ ಜಾಗವೆಂದು ಎಸೆದಿದ್ದೆ.

ಈ ಸಲ ಮೂಲ ಉಳಿದಿದ್ದರಿಂದ ಬಚಾವಾದೆ. ಟೈಮ್‌ಲೈನಿನಲ್ಲಿ ಕತ್ತರಿಸಿದ್ದು ನಿಜವಾಗಿ ಸತ್ತಿರುವುದಿಲ್ಲ. ಟ್ರಿಮ್ ಮೋಡಿನಲ್ಲಿ ತುಂಡಿನ ಅಂಚನ್ನು ಹಿಡಿದು ನಿಧಾನ ಎಳೆದೆ. ಫ್ರೇಮಿನ ಹಿಂದೆ ಫ್ರೇಮು ಅಮ್ಮಮ್ಮನ ಕೈ ಮರಳಿ ಬಂತು, ಅದರ ಹಿಂದೆ ಹಂಚಿನ ಮೇಲಿನ ಮಳೆಯ ಸದ್ದೂ ಬಂತು. ಹಾಗೆ ಒಂದೊಂದೇ ಅಂಚು ಎಳೆಯುತ್ತಾ ಹೋದೆ. ವಿಡಿಯೋ ಏಳು ನಿಮಿಷವಾಯಿತು. ನೋಡಿದವರು ಮೊದಲಿಗಿಂತ ಕಡಿಮೆ.

ಹೊಸದನ್ನು ಅಮ್ಮಮ್ಮನಿಗೆ ತೋರಿಸಿದೆ. ಆ ಒಂಬತ್ತು ಸೆಕೆಂಡು ಬಂದಾಗ ಅವಳೂ ಮಾತಾಡದೆ ಪರದೆಯ ಹತ್ತಿರ ಬಗ್ಗಿದಳು. ತನ್ನದೇ ಕೈಯನ್ನು, ಕೈಯಲ್ಲಿದ್ದ ಎಲೆಯನ್ನು ನೋಡಿದಳು.

“ಹುಳಿ ಇನ್ನೊಂಚೂರು ಬೇಕಾಗಿತ್ತು” ಅಂದಳು.